ಹಾಜರಿ ಪುಸ್ತಕದಲ್ಲಿ ಇಲ್ಲದ ಹೆಸರು

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಶಿರಸಿಗೆ ಬಂದಿದ್ದೀರಿ. ಸಿದ್ದಾಪುರ, ಯಲ್ಲಾಪುರ ಕಡೆಯ ಸೊಸೈಟಿಗಳಿಂದ ಬೆಳಗಿನ ಮೊದಲ ಬಸ್ಸು ಹಿಡಿದವರಿದ್ದೀರಿ, ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬಂದವರೂ ಇದ್ದೀರಿ. ವಿಕಲಚೇತನರಿಗೆ ಉದ್ಯೋಗ ಕೊಡುವ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ನಾನು ನಮ್ಮ ಅತ್ತೆಯಿಂದ ಶುರು ಮಾಡುತ್ತೇನೆ. ಅಪ್ಪನ ಅಕ್ಕ ಅವಳು.

ಅತ್ತೆಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರಲಿಲ್ಲ. ಮದುವೆ ಆಗಲಿಲ್ಲ. ಅಡಿಕೆ ಸುಗ್ಗಿ ಬಂತು ಅಂದರೆ ರಾತ್ರಿ ಊಟ ಮುಗಿಸಿ ಮೆಟ್ಟುಗತ್ತಿ ಮುಂದೆ ಕೂರುವಳು, ಹನ್ನೆರಡು ಗಂಟೆ ಆದರೂ ಏಳುತ್ತಿರಲಿಲ್ಲ. ಅವಳಷ್ಟು ಚುರುಕಾಗಿ ಅಡಿಕೆ ಸುಲಿಯುವವರು ನಮ್ಮ ಕೇರಿಯಲ್ಲೇ ಇರಲಿಲ್ಲ. ಪಕ್ಕದಲ್ಲಿ ಕೂತು ಸುಲಿದ ಹೆಂಗಸರಿಗೆಲ್ಲ ಸುಲಿದಷ್ಟಕ್ಕೆ ಲೆಕ್ಕ ಹಾಕಿ ಅಪ್ಪ ದುಡ್ಡು ಕೊಡುತ್ತಿದ್ದರು. ಅತ್ತೆಗೆ ಇಲ್ಲ. ಅವಳು ಮನೆಯವಳು, ಅಲ್ವಾ? ಊಟ ಕೊಟ್ಟೆವು, ಹಬ್ಬಕ್ಕೆ ಸೀರೆ ಕೊಟ್ಟೆವು, ಕಾಯಿಲೆ ಬಂದರೆ ಔಷಧಿ ಕೊಡಿಸಿದೆವು. ಅವಳ ಹೆಸರಲ್ಲಿ ಒಂದು ಬ್ಯಾಂಕ್ ಖಾತೆ ಇತ್ತು, ಅದೂ ಸರ್ಕಾರದ ಮಾಸಾಶನ ಜಮಾ ಆಗಲಿಕ್ಕೆ ಅಂತ ತೆಗೆದದ್ದು. ನಲವತ್ತು ವರ್ಷ ದುಡಿದವಳನ್ನು ಬಂದ ನೆಂಟರ ಎದುರು "ಪಾಪ, ಅದಕ್ಕೇನು ತಿಳಿತದೆ" ಅನ್ನುತ್ತಿದ್ದೆವು. ನಾನೂ ಅಂದಿದ್ದೇನೆ.

ಅವಳು ಹೋಗಿ ಎಷ್ಟೋ ವರ್ಷದ ಮೇಲೆ, ಸೊಸೈಟಿಯಲ್ಲಿ ಕೂಲಿ ಲೆಕ್ಕ ಬರೆಯುತ್ತಾ ಕೂತಾಗ ನನಗೆ ಇದು ಹೊಳೆಯಿತು. ನಮ್ಮ ಕಡೆ ವಿಕಲಚೇತನರಿಗೆ ಕೆಲಸ ಇಲ್ಲ ಅನ್ನುತ್ತೇವೆ. ಕೆಲಸ ಯಾವತ್ತೂ ಇತ್ತು. ಅಡಿಕೆ ಸುಲಿದವರಲ್ಲಿ, ಕಟ್ಟೆ ಮೇಲೆ ಕೂತು ಬಲೆ ಸರಿಮಾಡಿದವರಲ್ಲಿ, ಭಟ್ಕಳದ ಮಲ್ಲಿಗೆ ಮಾಲೆ ಕಟ್ಟಿದವರಲ್ಲಿ ಕಾಲಿಲ್ಲದವರೂ ಇದ್ದರು, ಕಿವಿ ಕೇಳದವರೂ ಇದ್ದರು. ಅವರಿಗೆ ಸಿಗದೇ ಇದ್ದದ್ದು ಸಂಬಳ. ಹಾಜರಿ ಪುಸ್ತಕದಲ್ಲಿ ಒಂದು ಹೆಸರು.

2011ರ ಜನಗಣತಿ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರು, ನಮ್ಮ ರಾಜ್ಯದಲ್ಲೇ 13 ಲಕ್ಷಕ್ಕೂ ಜಾಸ್ತಿ. ದುಡಿಯುವವರು ಅಂತ ಲೆಕ್ಕಕ್ಕೆ ಸಿಕ್ಕವರು ನೂರಕ್ಕೆ ಸುಮಾರು 36 ಜನ. ಉಳಿದ 64ರಲ್ಲಿ ಮಕ್ಕಳೂ ಮುದುಕರೂ ಇದ್ದಾರೆ, ನಿಜ. ಆದರೆ ನಮ್ಮ ಅತ್ತೆಯಂಥವರೂ ಅದರೊಳಗೆ ಬೇಕಾದಷ್ಟು ಜನ ಇದ್ದಾರೆ ಅಂತ ನನಗೆ ಅನ್ನಿಸುತ್ತದೆ.

ಹಾಗಾದರೆ ಸಂಬಳ ಕೊಟ್ಟು ಕೆಲಸಕ್ಕೆ ಇಟ್ಟುಕೊಂಡವರು ಏನು ಮಾಡಿದರು? ದೂರ ಹೋಗುವುದು ಬೇಡ, ಹುಬ್ಬಳ್ಳಿಯನ್ನೇ ನೋಡಿ. ಮಿಟ್ಟಿ ಕೆಫೆ ಅಂತ ಅಲೀನಾ ಆಲಂ ಅನ್ನುವ ಹುಡುಗಿ 2017ರಲ್ಲಿ ಅಲ್ಲಿನ ಒಂದು ಕಾಲೇಜಿನ ಆವರಣದಲ್ಲಿ ಶುರು ಮಾಡಿದರು. ಚಹಾ ಮಾಡುವವರು, ತಂದು ಕೊಡುವವರು, ದುಡ್ಡು ತೆಗೆದುಕೊಳ್ಳುವವರು ಬಹುಪಾಲು ವಿಕಲಚೇತನರೇ. 2023ರಲ್ಲಿ ದಿಲ್ಲಿಯ ಸುಪ್ರೀಂ ಕೋರ್ಟ್ ಆವರಣದಲ್ಲೂ ಅವರ ಕೆಫೆ ತೆರೆಯಿತು, ಮುಖ್ಯ ನ್ಯಾಯಮೂರ್ತಿಗಳೇ ಉದ್ಘಾಟನೆ ಮಾಡಿದರು. ಮುಂಬೈಯಲ್ಲಿ ಮಿರಾಕಲ್ ಕೊರಿಯರ್ಸ್ ಅಂತ ಇದೆ. ಅಲ್ಲಿ ಪಾರ್ಸೆಲ್ ಮುಟ್ಟಿಸುವವರು ಕಿವಿ ಕೇಳದ ಹುಡುಗರು. ಕೊರಿಯರ್ ಅಂದರೆ ದಿನವಿಡೀ ಫೋನು ಅಂತ ನಾವು ಅಂದುಕೊಂಡಿದ್ದೇವೆ, ಅವರು ಅದನ್ನೆಲ್ಲ ಎಸ್ಸೆಮ್ಮೆಸ್ಸಿಗೆ ತಂದರು. ಬೆಂಗಳೂರಿನ ವಿಂಧ್ಯಾ ಇ-ಇನ್ಫೋಮೀಡಿಯಾ 2006ರಲ್ಲಿ ಶುರುವಾದ ಕಂಪನಿ. ಡೇಟಾ ಎಂಟ್ರಿ, ಕಾಲ್ ಸೆಂಟರ್ ಕೆಲಸ, ಅಲ್ಲೂ ಹೆಚ್ಚಿನವರು ವಿಕಲಚೇತನರು.

ಎನೇಬಲ್ ಇಂಡಿಯಾ ಬಗ್ಗೆ ಕೇಳಿರಬಹುದು. ಶಾಂತಿ ರಾಘವನ್ ಅವರ ತಮ್ಮನ ದೃಷ್ಟಿ ನಿಧಾನಕ್ಕೆ ಹೋಗುತ್ತಾ ಬಂತು. ಅವನನ್ನು ಓದಿಸಿ, ಕಂಪ್ಯೂಟರ್ ಕಲಿಸಿ ಕೆಲಸಕ್ಕೆ ಸೇರಿಸುವ ಒದ್ದಾಟದಿಂದಲೇ ಅವರೂ ಗಂಡ ದೀಪೇಶ್ ಸುತಾರಿಯಾ ಅವರೂ ಸೇರಿ 1999ರಲ್ಲಿ ಆ ಸಂಸ್ಥೆ ಕಟ್ಟಿದರು. ಅಕ್ಷರವನ್ನು ಓದಿ ಹೇಳುವ ತಂತ್ರಾಂಶ ಈಗ ಪುಕ್ಕಟೆ ಸಿಗುತ್ತದೆ, ಎನ್‌ವಿಡಿಎ ಅಂತ ಅದರ ಹೆಸರು, ಕನ್ನಡವನ್ನೂ ಓದುತ್ತದೆ. ಸೊಸೈಟಿಯ ಹಳೇ ಕಂಪ್ಯೂಟರಿಗೆ ಹಾಕಿ ಒಮ್ಮೆ ಕಣ್ಣು ಮುಚ್ಚಿ ಕೇಳಿ.

ಇವರೆಲ್ಲ ಈ ಮನುಷ್ಯನಿಂದ ಏನು ಆಗುವುದಿಲ್ಲ ಅಂತ ಪಟ್ಟಿ ಮಾಡಲು ಕೂರಲಿಲ್ಲ. ಕೆಲಸವನ್ನೇ ಬಿಡಿಸಿ ನೋಡಿದರು. ಇದರಲ್ಲಿ ನಡೆಯಲೇಬೇಕಾದ್ದು ಎಷ್ಟು, ಕೇಳಲೇಬೇಕಾದ್ದು ಎಷ್ಟು, ಸುಮ್ನೆ ರೂಢಿಯಿಂದ ಹಾಗೆ ಮಾಡುತ್ತಾ ಬಂದದ್ದು ಎಷ್ಟು?

ನಾವೂ ಇದನ್ನು ಒಂದು ಸಲ ಮಾಡಬೇಕಾಗಿ ಬಂತು. ನಮ್ಮ ಊರಲ್ಲಿ ಅಡಿಕೆ ಮರ ಹತ್ತಿ ಕೊನೆ, ಅಂದರೆ ಗೊನೆ, ಕೊಯ್ಯುವ ಕೊನೆಗೌಡ ಒಬ್ಬ ಮರದಿಂದ ಬಿದ್ದ. ಕೊನೆ ಕೊಯ್ಯುವವರ ಕಷ್ಟ ನಿಮಗೆ ನಾನು ಹೇಳಬೇಕಿಲ್ಲ. ಒದ್ದೆ ಮರ, ಒಂದು ಮರದಿಂದ ಇನ್ನೊಂದಕ್ಕೆ ದಾಟುವುದು. ಬೆನ್ನುಹುರಿಗೆ ಏಟಾಗಿ ಸೊಂಟದ ಕೆಳಗೆ ಬಲ ಹೋಯಿತು. ತೋಟದವರೆಲ್ಲ ಸೇರಿ ದುಡ್ಡು ಒಟ್ಟು ಮಾಡಿ ಕೊಟ್ಟರು, ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ಆಮೇಲೆ ಎರಡು ವರ್ಷ ಅವನು ಜಗಲಿ ಮೇಲೆ ಕೂತಿದ್ದ. ಸರ್ಕಾರಿ ನೌಕರ ಕೆಲಸದಲ್ಲಿ ಇರುವಾಗ ವಿಕಲಚೇತನನಾದರೆ ಅವನನ್ನು ತೆಗೆಯುವಂತಿಲ್ಲ, ಕಾನೂನೇ ಇದೆ. ಕೊನೆ ಕೊಯ್ಯುವವನಿಗೆ ಯಾವ ಕಾನೂನು ಇತ್ತು?

ಅವನ ಹೆಂಡತಿಯೇ ಒಂದು ದಿನ ಬಂದು ಕೇಳಿದಳು. "ಅವರಿಗೆ ಅಡಿಕೆ ಗೊತ್ತುಂಟಲ್ಲ, ವಿಂಗಡಿಸಲಿಕ್ಕೆ ಕೂರಿಸ್ಕೊಳ್ಳಿ." ಇಷ್ಟು ಸರಳ ಮಾತು ನಮ್ಮಲ್ಲಿ ಯಾರ ತಲೆಗೂ ಬಂದಿರಲಿಲ್ಲ. ಚಾಲಿ ಯಾವುದು, ಕೋಕಾ ಯಾವುದು, ಬಿಳಿಗೋಟು, ಕೆಂಪುಗೋಟು ಯಾವುದು ಅಂತ ಕೈಗೆತ್ತಿಕೊಂಡ ಕೂಡಲೇ ಹೇಳುವವನು ಅವನು. ನೆಲದ ಮೇಲೆ ಕೂತು ಮಾಡುತ್ತಿದ್ದ ಕೆಲಸಕ್ಕೆ ಒಂದು ಮೇಜು ಮಾಡಿಸಿದೆವು. ವೀಲ್‌ಚೇರ್ ಕೆಳಗೆ ಹೋಗುವಷ್ಟು ಎತ್ತರ, ಅಂಚಿಗೆ ಪಟ್ಟಿ, ಅಡಿಕೆ ಉರುಳದಂತೆ. ಗೋದಾಮಿನ ಹೊಸ್ತಿಲು ತೆಗೆಸಿದೆವು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು, ಅದಕ್ಕಿಂತ ಕಡಿಮೆ ಮಾಡಿದರೆ ಒಬ್ಬನೇ ಹತ್ತಲಿಕ್ಕೆ ಆಗುವುದಿಲ್ಲ. ನಮ್ಮ ಮಳೆಗೆ ಸಿಮೆಂಟು ಪಾಚಿ ಕಟ್ಟಿ ಜಾರುತ್ತದೆ, ಹಾಗಾಗಿ ಗೀರು ಹಾಕಿಸಿ ಮೇಲೆ ತಗಡು ಹೊದೆಸಿದೆವು. ಎಲ್ಲ ಆಯಿತು ಅಂದುಕೊಂಡೆವು.

ಮೂರು ತಿಂಗಳಾದ ಮೇಲೆ ಗೊತ್ತಾಯಿತು, ಅವನು ಬೆಳಗ್ಗೆಯಿಂದ ಸಂಜೆ ತನಕ ನೀರೇ ಕುಡಿಯುತ್ತಿರಲಿಲ್ಲ. ನಮ್ಮ ಪಾಯಿಖಾನೆ ಬಾಗಿಲು ಎರಡಡಿ, ವೀಲ್‌ಚೇರ್ ಒಳಗೆ ಹೋಗುವುದಿಲ್ಲ. ಯಾರಲ್ಲೂ ಹೇಳಲಿಲ್ಲ ಅವನು. ಸಿಕ್ಕ ಕೆಲಸ ಎಲ್ಲಿ ಕೈಬಿಟ್ಟು ಹೋಗುತ್ತದೋ ಅನ್ನುವ ಹೆದರಿಕೆ. ಮೂತ್ರದ ಸೋಂಕಾಗಿ ಜ್ವರ ಬಂದು ಮಲಗಿದಾಗ ಹೆಂಡತಿ ಬಾಯಿಬಿಟ್ಟಳು. ಚಹಾ ಬೇಡ ಅಂದರೆ ಅಭ್ಯಾಸ ಇಲ್ಲವೇನೋ ಅಂದುಕೊಂಡು ಸುಮ್ಮನಿದ್ದವರು ನಾವು. ನನಗೆ ಈಗಲೂ ಅದು ಚುಚ್ಚುತ್ತದೆ. ಆದ್ದರಿಂದ ಯಾರನ್ನೇ ಸೇರಿಸಿಕೊಳ್ಳಿ, ಮೊದಲ ದಿನವೇ ಅವರ ಜೊತೆ ಇಡೀ ಕಟ್ಟಡ ಸುತ್ತಿ, ಬೇಕಾದ್ದು ಏನು ಅಂತ ಬಾಯಿಬಿಟ್ಟು ಕೇಳಿ. ಅವರೇ ಹೇಳಲಿ ಅಂತ ಕಾಯಬೇಡಿ.

ಸಂಬಳದ ಮಾತೂ ಬಂತು. ಆಡಳಿತ ಮಂಡಳಿಯಲ್ಲಿ ಒಬ್ಬರು, ಅರ್ಧ ಕೂಲಿ ಸಾಕಲ್ಲ, ಕೂತೇ ಮಾಡುವುದು ಅಂದರು. ಉಳಿದವರೂ ಕೂತೇ ವಿಂಗಡಿಸುತ್ತಿದ್ದರು! ಪೂರ್ತಿ ಕೂಲಿಯನ್ನೇ ಬರೆದೆವು.

ಕಾನೂನನ್ನು ಬೇಗ ಹೇಳಿ ಮುಗಿಸುತ್ತೇನೆ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, 2016ರ ಕಾಯ್ದೆಯಲ್ಲಿ 21 ಆಯಿತು. ಸರ್ಕಾರಿ ಕೆಲಸದಲ್ಲಿ ಮೀಸಲಾತಿ 3ರಿಂದ 4 ಶೇಕಡಾಕ್ಕೆ ಏರಿತು. ಖಾಸಗಿಯವರಿಗೆ ಮೀಸಲಾತಿ ಇಲ್ಲ, ಆದರೆ ನೂರಕ್ಕೆ 5 ಜನರನ್ನಾದರೂ ತೆಗೆದುಕೊಳ್ಳುವಂತೆ ಸರ್ಕಾರ ಪ್ರೋತ್ಸಾಹ ಕೊಡಬೇಕು ಅಂತ ಇದೆ. ಖಾಸಗಿ ಸಂಸ್ಥೆಯಲ್ಲಿ 20 ಅಥವಾ ಹೆಚ್ಚು ಜನ ದುಡಿಯುತ್ತಿದ್ದರೆ, ಸಮಾನ ಅವಕಾಶದ ನೀತಿಯನ್ನು ಬರೆದು ಎಲ್ಲರಿಗೂ ಕಾಣುವ ಕಡೆ ಹಾಕಬೇಕು, ಅದನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಬೇಕು. ಇಲ್ಲಿ ಕೂತ ನಮ್ಮಲ್ಲಿ ಎಷ್ಟು ಜನರ ಗೋಡೆ ಮೇಲೆ ಅಂಥ ಒಂದು ಹಾಳೆ ಇದೆ? ಜನ ಎಲ್ಲಿ ಸಿಗುತ್ತಾರೆ ಅಂತ ಕೇಳುತ್ತೀರಿ. ನಿಮ್ಮ ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಅವರೂ ವಿಕಲಚೇತನರೇ, ಯಾರ ಮನೆಯಲ್ಲಿ ಯಾರಿದ್ದಾರೆ, ಎಲ್ಲಿವರೆಗೆ ಓದಿದ್ದಾರೆ ಅಂತ ಅವರಿಗೆ ಗೊತ್ತಿರುತ್ತದೆ.

ಇನ್ನೊಂದು ಕಷ್ಟ ನಮ್ಮಿಂದ ಪೂರ್ತಿ ಬಗೆಹರಿದಿಲ್ಲ, ದಾರಿಯದ್ದು. ಸೊಸೈಟಿ ಬಾಗಿಲು ಅಗಲ ಮಾಡಬಹುದು, ಬಸ್ಸಿನ ಮೆಟ್ಟಿಲು ಇಳಿಸುವುದು ನಮ್ಮ ಕೈಯಲ್ಲಿಲ್ಲ. ಮಳೆಗಾಲದಲ್ಲಿ ನಮ್ಮ ಕೊನೆಗೌಡನ ಮನೆ ಸಂಕದ, ಅಂದರೆ ಕಾಲುಸೇತುವೆಯ, ಮೇಲೆ ನೀರು ಬಂದರೆ ನಾಲ್ಕು ದಿನ ಹೊರಗೆ ಬರಲಾಗುವುದಿಲ್ಲ. ಹಾಗಾಗಿ ಅಡಿಕೆ ತುಂಬಲು ಹೋಗುವ ಜೀಪೇ ಅವನನ್ನೂ ಕರೆದುಕೊಂಡು ಬರುತ್ತದೆ, ನೀರು ಜಾಸ್ತಿ ಇದ್ದಾಗ ಮೂಟೆಯನ್ನೇ ಅವನ ಜಗಲಿಗೆ ಕಳಿಸುತ್ತೇವೆ. ಆ ದಿನವೂ ಹಾಜರಿ ಬೀಳುತ್ತದೆ.

ಪಾಯಿಖಾನೆಗೆ ಈಗ ಮೂರು ಅಡಿ ಬಾಗಿಲು, ಹೊರಗೆ ತೆರೆಯುವಂಥದ್ದು, ಒಳಗೆ ಗೋಡೆಗೆ ಹಿಡಿದುಕೊಳ್ಳುವ ಸರಳು. ಮೇಜಿನ ಅಳತೆ, ಇಳಿಜಾರಿನ ಅಳತೆ ಎಲ್ಲ ಒಂದು ಹಾಳೆಯಲ್ಲಿ ಬರೆದು ತಂದಿದ್ದೇನೆ, ಖರ್ಚಿನ ಬಿಲ್ಲೂ ಜೊತೆಗಿದೆ. ಊಟಕ್ಕೆ ಏಳುವ ಮೊದಲು ಬಂದು ಒಂದೊಂದು ಪ್ರತಿ ತೆಗೆದುಕೊಂಡು ಹೋಗಿ.