ಪ್ರಾಪ್ ಫರ್ಮ್ ಸೇರಬೇಕೇ, ಸ್ವಂತ ಹಣದಲ್ಲೇ ಟ್ರೇಡಿಂಗ್ ಮಾಡಬೇಕೇ?

ನಮಸ್ಕಾರ. ಟ್ರೇಡಿಂಗ್‌ನಲ್ಲಿ ಸ್ವಲ್ಪ ಕೈ ಪಳಗಿದ ಮೇಲೆ ಬಹಳಷ್ಟು ಜನರಿಗೆ ಎದುರಾಗುವ ಪ್ರಶ್ನೆ ಇದು: ತಮ್ಮಲ್ಲಿರುವ ಸಣ್ಣ ಬಂಡವಾಳವನ್ನೇ ಬೆಳೆಸುತ್ತಾ ಹೋಗಬೇಕೇ, ಇಲ್ಲವೇ ಪ್ರೊಪ್ರೈಟರಿ ಟ್ರೇಡಿಂಗ್ ಸಂಸ್ಥೆ, ಅಂದರೆ ಪ್ರಾಪ್ ಫರ್ಮ್ ಒಂದರ ಹಣದಲ್ಲಿ ವಹಿವಾಟು ನಡೆಸಿ ಲಾಭದಲ್ಲಿ ಪಾಲು ಪಡೆಯಬೇಕೇ? ಜಾಹೀರಾತಿನ ದೊಡ್ಡ ಅಂಕಿಯನ್ನು ಬದಿಗಿಟ್ಟು, ಎಷ್ಟು ಹಣ ಕಳೆದುಕೊಂಡರೆ ಆಟ ಮುಗಿಯುತ್ತದೆ ಎಂಬ ಕಡೆಯಿಂದ ಇದನ್ನು ನೋಡೋಣ.

ಪ್ರಾಪ್ ಫರ್ಮ್ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ವ್ಯವಹಾರಗಳು ಸೇರಿಕೊಂಡಿವೆ. ಜೇನ್ ಸ್ಟ್ರೀಟ್, ಆಪ್ಟಿವರ್, ಐಎಂಸಿಯಂಥ ಸಂಸ್ಥೆಗಳು ತಮ್ಮದೇ ಹಣದಲ್ಲಿ ವಹಿವಾಟು ನಡೆಸುತ್ತವೆ, ಗಣಿತ ಮತ್ತು ಪ್ರೋಗ್ರಾಮಿಂಗ್ ಬಲ್ಲವರನ್ನು ಸಂದರ್ಶನ ಮಾಡಿ ಸಂಬಳಕ್ಕೆ ನೇಮಿಸಿಕೊಳ್ಳುತ್ತವೆ. ಅಲ್ಲಿ ಅವಕಾಶ ಸಿಕ್ಕವರಿಗೆ ಈ ವಿಡಿಯೋದ ಅಗತ್ಯವೇ ಇಲ್ಲ. ಸಂಬಳದ ಜೊತೆಗೆ ಕಲಿಕೆಯೂ ಸಿಗುವಾಗ ಹೆಚ್ಚು ಯೋಚಿಸಬೇಕಾಗಿಲ್ಲ. ಟ್ರೇಡರ್‌ನಿಂದಲೇ ಠೇವಣಿ ಕಟ್ಟಿಸಿಕೊಂಡು, ನಷ್ಟವನ್ನು ಮೊದಲು ಅದರಿಂದಲೇ ಮುರಿದುಕೊಳ್ಳುವ ಫರ್ಮ್‌ಗಳೂ ಇವೆ. ಆದರೆ ಇಂದು ಆನ್‌ಲೈನ್‌ನಲ್ಲಿ ಪ್ರಾಪ್ ಫರ್ಮ್ ಎಂದಾಗ ಹೆಚ್ಚಿನವರ ಮನಸ್ಸಿಗೆ ಬರುವುದು ಬೇರೆಯೇ ಬಗೆ: ಶುಲ್ಕ ಕಟ್ಟಿ ಪರೀಕ್ಷೆ ಬರೆದಂತೆ ಟ್ರೇಡ್ ಮಾಡಿ, ಪಾಸಾದರೆ ‘ಫಂಡೆಡ್’ ಖಾತೆ (ಫರ್ಮ್ ಹಣ ಹಾಕಿದೆ ಎನ್ನಲಾಗುವ ಖಾತೆ) ಪಡೆಯುವ ವ್ಯವಸ್ಥೆ. ನಮ್ಮ ಮಾತು ಇದರ ಬಗ್ಗೆ.

(ಪರದೆಯಲ್ಲಿ: ಖಾತೆ 1,00,000 ಡಾಲರ್, ಗರಿಷ್ಠ ನಷ್ಟ ಶೇ. 10, ದಿನದ ನಷ್ಟ ಶೇ. 5)

ಇದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಒಟ್ಟು ನಷ್ಟ ಶೇ. 10 ಮುಟ್ಟಿದ ಕ್ಷಣವೇ ಖಾತೆ ಮುಚ್ಚುತ್ತದೆ ಎಂದ ಮೇಲೆ, ನಿಮ್ಮ ಕೈಯಲ್ಲಿರುವುದು ಒಂದು ಲಕ್ಷವಲ್ಲ, ಕೇವಲ 10,000 ಡಾಲರ್. ಪ್ರತಿ ಟ್ರೇಡ್‌ನಲ್ಲಿ ಖಾತೆಯ ಶೇ. 1ರಷ್ಟು ರಿಸ್ಕ್ ತೆಗೆದುಕೊಳ್ಳುವುದು ಶಿಸ್ತಿನ ಲಕ್ಷಣ ಎಂದು ಎಲ್ಲ ಕಡೆ ಹೇಳುತ್ತಾರಲ್ಲ, ಇಲ್ಲಿ ಆ ಶೇ. 1 ಎಂದರೆ 1,000 ಡಾಲರ್, ಅಂದರೆ ನಿಜವಾದ ಬಂಡವಾಳದ ಹತ್ತನೇ ಒಂದು ಭಾಗ. ಸ್ವಂತ ಖಾತೆಯಲ್ಲಿ ಶಿಸ್ತಿನ ಟ್ರೇಡರ್ ಯಾರೂ ಒಂದು ಟ್ರೇಡ್‌ಗೆ ಶೇ. 10 ಪಣಕ್ಕಿಡುವುದಿಲ್ಲ; ಆದರೆ ಇಲ್ಲಿ ದೊಡ್ಡ ಅಂಕಿ ಕಣ್ಣೆದುರು ಇರುವುದರಿಂದ ಅದೇ ತಪ್ಪು ಶಿಸ್ತಿನಂತೆ ಕಾಣುತ್ತದೆ.

ಇದಕ್ಕಿಂತ ಹೆಚ್ಚು ಜನರನ್ನು ಕೆಡವುವುದು ಟ್ರೇಲಿಂಗ್ ಡ್ರಾಡೌನ್ ಎಂಬ ನಿಯಮ. ಖಾತೆಯ ಮೌಲ್ಯ ಮೇಲೇರಿದಂತೆಲ್ಲ ನಷ್ಟದ ಮಿತಿಯೂ ಅದರ ಬೆನ್ನು ಹತ್ತಿ ಏರುತ್ತದೆ, ಇಳಿಯುವಾಗ ಮಾತ್ರ ಅದು ಇಳಿಯುವುದಿಲ್ಲ. ಮೊದಲಿಗೆ ಮಿತಿ 90,000ದಲ್ಲಿದೆ ಎಂದುಕೊಳ್ಳಿ. ಒಂದು ಟ್ರೇಡ್ ಇನ್ನೂ ತೆರೆದಿರುವಾಗ ಖಾತೆ 1,04,000 ತಲುಪಿತು, ನೀವು ಲಾಭವನ್ನು ಕೈಗೆತ್ತಿಕೊಳ್ಳಲಿಲ್ಲ, ಬೆಲೆ ಹಿಂದೆ ಸರಿದು ಕೊನೆಗೆ 1,00,500ರಲ್ಲಿ ಹೊರಬಂದಿರಿ. ದಿನದ ಲೆಕ್ಕದಲ್ಲಿ 500 ಡಾಲರ್ ಲಾಭವೇ ಆಗಿದೆ. ಆದರೆ ತೆರೆದ ಟ್ರೇಡ್‌ನ ಲಾಭವನ್ನೂ ಎಣಿಸುವ ಫರ್ಮ್ ಆಗಿದ್ದರೆ, ಮಿತಿ ಅಷ್ಟರಲ್ಲಿ 94,000ಕ್ಕೆ ಏರಿ ಕೂತಿರುತ್ತದೆ. 10,000 ಇದ್ದ ನಿಮ್ಮ ಅವಕಾಶ 6,500ಕ್ಕೆ ಕುಗ್ಗಿರುತ್ತದೆ. ಲಾಭವನ್ನು ಓಡಲು ಬಿಡುವ ಪದ್ಧತಿಯವರಿಗೆ ಈ ನಿಯಮ ನೇರ ಶತ್ರು.

ಪರೀಕ್ಷೆ ಪಾಸಾಗುವುದು ಕೌಶಲಕ್ಕೆ ಸಾಕ್ಷಿ ಎನ್ನುವವರಿದ್ದಾರೆ. ಒಂದು ಸರಳ ಲೆಕ್ಕ ಹಾಕೋಣ. ಪರೀಕ್ಷೆಗೆ ಎರಡು ಹಂತಗಳಿವೆ, ಮೊದಲ ಹಂತದ ಗುರಿ ಶೇ. 10 ಲಾಭ ಎಂದುಕೊಳ್ಳಿ. ಯಾವ ಕೌಶಲವೂ ಇಲ್ಲದೆ, ನಾಣ್ಯ ಚಿಮ್ಮಿಸಿ ಸಣ್ಣ ಸಣ್ಣ ಟ್ರೇಡ್ ಮಾಡುವವನಿಗೆ ಶೇ. 10 ನಷ್ಟಕ್ಕೆ ಮೊದಲು ಶೇ. 10 ಲಾಭ ಮುಟ್ಟುವ ಸಾಧ್ಯತೆ ಅರ್ಧ. ಎರಡನೇ ಹಂತದಲ್ಲಿ ನಷ್ಟದ ಮಿತಿ ಅಷ್ಟೇ ಇದ್ದು ಗುರಿ ಶೇ. 5 ಮಾತ್ರವಾದರೆ ಆ ಸಾಧ್ಯತೆ ಮೂರರಲ್ಲಿ ಎರಡು. ಎರಡನ್ನೂ ಗುಣಿಸಿದರೆ ಮೂರರಲ್ಲಿ ಒಬ್ಬ ಬರೀ ಅದೃಷ್ಟದಿಂದಲೇ ದಾಟಬಹುದು. ಸ್ಪ್ರೆಡ್ (ಕೊಳ್ಳುವ ಮತ್ತು ಮಾರುವ ಬೆಲೆಗಳ ಅಂತರ), ಕಮಿಷನ್, ದಿನದ ಮಿತಿ ಸೇರಿದರೆ ಈ ಪ್ರಮಾಣ ತಗ್ಗುತ್ತದೆ, ನಿಜ. ಆದರೂ ಪಾಸಾದ ಪ್ರಮಾಣಪತ್ರವನ್ನು ಜಾಲತಾಣದಲ್ಲಿ ಹಂಚಿಕೊಳ್ಳುವವರನ್ನು ನೋಡುವಾಗ ಈ ಲೆಕ್ಕ ನೆನಪಿರಲಿ.

ಹಾಗಾದರೆ ಪ್ರಾಪ್ ಫರ್ಮ್‌ನಲ್ಲಿ ಹುರುಳೇ ಇಲ್ಲವೇ? ಇದೆ. ನಿಮ್ಮ ಬಳಿ 2,000 ಡಾಲರ್ ಮಾತ್ರ ಇದ್ದು, ವರ್ಷಕ್ಕೆ ಶೇ. 20 ಗಳಿಸಿದರೂ ಸಿಗುವುದು 400. ಅದೇ ಒಂದು ಲಕ್ಷದ ಫಂಡೆಡ್ ಖಾತೆಯಲ್ಲಿ ಶೇ. 5 ಲಾಭ ಮಾಡಿ ಶೇ. 80 ಪಾಲು ಪಡೆದರೆ 4,000. ಸೋತರೆ ಹೋಗುವುದು ಕಟ್ಟಿದ ಶುಲ್ಕ ಮಾತ್ರ. ಪದ್ಧತಿ ಪಕ್ಕಾ ಇದ್ದು ಬಂಡವಾಳ ಮಾತ್ರ ಕಡಿಮೆ ಇರುವವರಿಗೆ ಇದು ನ್ಯಾಯವಾದ ವ್ಯವಹಾರ ಎಂದೇ ನನ್ನ ಅಭಿಪ್ರಾಯ. ಒಂದೊಂದು ಸಲ ಸೋತಾಗಲೂ ಮತ್ತೆ ಶುಲ್ಕ ಕಟ್ಟುತ್ತಾ ಹೋಗುವವರಿಗೆ ಮಾತ್ರ ‘ಶುಲ್ಕವಷ್ಟೇ ನಷ್ಟ’ ಎಂಬ ಮಾತು ಅನ್ವಯಿಸುವುದಿಲ್ಲ.

ಇನ್ನೊಂದು ಅಪಾಯ ಫರ್ಮ್‌ನದ್ದೇ. ಇಂಥ ಅನೇಕ ಕಡೆ ‘ಫಂಡೆಡ್’ ಖಾತೆಯೂ ಸಿಮ್ಯುಲೇಟೆಡ್, ಅಂದರೆ ಅಣಕು ಖಾತೆಯೇ ಆಗಿರುತ್ತದೆ. ನಿಮ್ಮ ಆರ್ಡರ್ ಮಾರುಕಟ್ಟೆಗೆ ಹೋಗುವುದೇ ಇಲ್ಲ. ಸೋತವರ ಶುಲ್ಕವೇ ಫರ್ಮ್‌ನ ಮುಖ್ಯ ಆದಾಯವಾಗಿದ್ದಾಗ, ಗೆದ್ದವರಿಗೆ ಕೊಡಬೇಕಾದ ಹಣವೂ ಅದರಿಂದಲೇ ಬರಬೇಕು. 2023ರ ಆಗಸ್ಟ್‌ನಲ್ಲಿ ಅಮೆರಿಕದ ನಿಯಂತ್ರಕ ಸಂಸ್ಥೆ ಸಿಎಫ್‌ಟಿಸಿ, ಮೈ ಫಾರೆಕ್ಸ್ ಫಂಡ್ಸ್ ಎಂಬ ಇಂಥದ್ದೇ ಫರ್ಮ್ ವಿರುದ್ಧ ವಂಚನೆಯ ದಾವೆ ಹೂಡಿದಾಗ ಅದರ ವ್ಯವಹಾರ ಒಮ್ಮೆಲೇ ನಿಂತಿತು. ಸಿಎಫ್‌ಟಿಸಿಯ ನಡವಳಿಕೆಯನ್ನೇ ಆಕ್ಷೇಪಿಸಿ ನ್ಯಾಯಾಲಯ 2025ರಲ್ಲಿ ಆ ದಾವೆಯನ್ನು ವಜಾ ಮಾಡಿತು ಎಂಬುದನ್ನೂ ಹೇಳಬೇಕು. ಆದರೆ ವ್ಯವಹಾರ ನಿಂತ ದಿನ ಬಾಕಿ ಹಣಕ್ಕಾಗಿ ಕಾಯುತ್ತಿದ್ದ ಟ್ರೇಡರ್‌ಗೆ, ಯಾರದ್ದು ಸರಿ ಎಂಬುದು ಎರಡನೇ ಪ್ರಶ್ನೆ.

ಸ್ವಂತ ಹಣದ ದಾರಿಯಲ್ಲಿ ಈ ತೊಡಕುಗಳಿಲ್ಲ. ಟ್ರೇಡನ್ನು ವಾರಗಟ್ಟಲೆ ಇಟ್ಟುಕೊಳ್ಳಬಹುದು, ಮಾರುಕಟ್ಟೆ ಹಿಡಿಸದಿದ್ದರೆ ತಿಂಗಳುಗಟ್ಟಲೆ ಸುಮ್ಮನಿರಬಹುದು, ಲಾಭ ಪೂರ್ತಿ ನಿಮ್ಮದೇ. ಆದರೆ ನಿಲ್ಲಿಸು ಎನ್ನುವವರೂ ಯಾರೂ ಇರುವುದಿಲ್ಲ. ಬ್ರೆಜಿಲ್‌ನ ಫ್ಯೂಚರ್ಸ್ ಮಾರುಕಟ್ಟೆಯಲ್ಲಿ 2013ರಿಂದ 2015ರ ನಡುವೆ ಡೇ ಟ್ರೇಡಿಂಗ್ (ಒಂದೇ ದಿನದೊಳಗೆ ಕೊಂಡು ಮಾರುವುದು) ಆರಂಭಿಸಿದವರ ಮೇಲೆ ನಡೆದ ಅಧ್ಯಯನದಲ್ಲಿ, 300ಕ್ಕೂ ಹೆಚ್ಚು ದಿನ ಪಟ್ಟುಹಿಡಿದು ಮುಂದುವರಿದವರ ಪೈಕಿಯೇ ಶೇ. 97 ಮಂದಿ ನಷ್ಟ ಕಂಡಿದ್ದರು. ಅನುಭವವೊಂದೇ ಕಾಪಾಡುತ್ತದೆ ಎಂಬ ನಂಬಿಕೆಗೆ ಈ ಅಂಕಿ ಆಧಾರ ಕೊಡುವುದಿಲ್ಲ.

ಆಯ್ಕೆಗೆ ಮುನ್ನ ಮಾಡಬಹುದಾದ ಕೆಲಸ ಇದು. ನಿಮ್ಮ ಹಿಂದಿನ ನೂರಾರು ಟ್ರೇಡ್‌ಗಳ ದಾಖಲೆಯನ್ನು ಶೀಟ್‌ಗೆ ಹಾಕಿ, ನೀವು ಸೇರಬೇಕೆಂದಿರುವ ಫರ್ಮ್‌ನ ನಿಯಮಗಳನ್ನು ಅದರ ಮೇಲೆ ಓಡಿಸಿ ನೋಡಿ. ದಿನದ ಮಿತಿ ಅಥವಾ ಟ್ರೇಲಿಂಗ್ ಮಿತಿ ಎಲ್ಲಿ ಮುರಿಯುತ್ತಿತ್ತು ಎಂದು ಗುರುತಿಸಿ. ಎಲ್ಲಿಯೂ ಮುರಿಯದಿದ್ದರೆ ಶುಲ್ಕ ಕಟ್ಟುವುದಕ್ಕೆ ಅರ್ಥವಿದೆ. ಒಟ್ಟಾರೆ ಲಾಭವಿದ್ದರೂ ಮಿತಿ ಪದೇ ಪದೇ ಮುರಿಯುತ್ತಿದ್ದರೆ, ನಿಮ್ಮ ಪದ್ಧತಿಗೆ ಸ್ವಂತ ಖಾತೆಯೇ ಸರಿ. ಅಂಥ ದಾಖಲೆಯೇ ಇನ್ನೂ ಇಲ್ಲದವರು ಅತಿ ಸಣ್ಣ ಗಾತ್ರದ ಟ್ರೇಡ್‌ಗಳಿಂದ ಮೊದಲು ಅದನ್ನು ಕಟ್ಟಿಕೊಳ್ಳಲಿ. ಶುಲ್ಕ ಕಟ್ಟುವ ಪುಟ ಅಷ್ಟರೊಳಗೆ ಎಲ್ಲಿಗೂ ಓಡಿಹೋಗುವುದಿಲ್ಲ.