ಕೇಳಿದೆನಲ್ಲ!

ಕೇಳುಗರಿಗೆ ನಮಸ್ಕಾರ. ಇವತ್ತು ಈ 'ಕೇಳು' ಅನ್ನುವ ಪದದ ಬಗ್ಗೆಯೇ ಮಾತಾಡೋಣ. ಮಾತು ಕಿವಿಗೆ ಬಿದ್ದರೂ ಕೇಳುವುದು. ಬಾಯಿ ಬಿಟ್ಟು ಪ್ರಶ್ನೆ ಹಾಕಿದರೂ ಕೇಳುವುದು. ಒಂದೇ ಪದ. ಮುಂಬಯಿಯ ನಮ್ಮ ಮರಾಠಿ ನೆರೆಯವರಿಗೆ ಎರಡು ಪದ ಬೇಕು. ಕಿವಿಗೆ 'ಐಕಣೇ', ಬಾಯಿಗೆ 'ವಿಚಾರಣೇ'. ನಮ್ಮ ಕೋರ್ಟಿನ ವಿಚಾರಣೆ ಅಲ್ಲ, ಸುಮ್ನೆ ಕೇಳುವುದು.

ಡೊಂಬಿವಲಿಯಲ್ಲಿ ನಮ್ಮ ಮನೆ. ಮೊಮ್ಮಗಳಿಗೆ ಆರು ವರ್ಷ. ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಒಂದು ಬೆಳಿಗ್ಗೆ ಸೊಸೆಗೆ ಫಾಸ್ಟ್ ಲೋಕಲ್ ಹಿಡಿಯುವ ಅವಸರ. ಒಂದು ಕಾಲಿಗೆ ಮಾತ್ರ ಚಪ್ಪಲಿ ಸಿಕ್ಕಿದೆ. ಹಾಗೇ ಕುಂಟುತ್ತ, "ಏನು ಬೇಕಿದ್ರೂ ಅಜ್ಜೀನ ಕೇಳು. ಅವರ ಮಾತು ಕೇಳು. ಕೇಳದೆ ಏನೂ ತಗೋಬೇಡ. ಕೇಳಿಸ್ತಾ?" ಎಂದಳು. ನಾಲ್ಕು ವಾಕ್ಯ, ನಾಲ್ಕು ಕೇಳು! ಹುಡುಗಿ ತಲೆಯಾಡಿಸಿದಳು.

ಹನ್ನೊಂದು ಗಂಟೆಗೆ ಚಕ್ಕುಲಿ ಡಬ್ಬಿಯ ಮುಂದೆ ನಿಂತಳು.

"ಅಜ್ಜಿ, ಒಂದು ತಗೊಳ್ಲಾ?"

"ಬೇಡ, ಊಟದ ಹೊತ್ತಾಯ್ತು."

ಐದು ನಿಮಿಷಕ್ಕೆ ಕಟಕಟ ಸದ್ದು. ನನ್ನ ಹೆಂಡತಿ ಒಳಗಿನಿಂದ ಬಂದಳು.

"ಹೇಳಿದ್ದು ಕೇಳಲಿಲ್ಲ ನೀನು!"

"ಕೇಳಿದೆನಲ್ಲ ಅಜ್ಜಿ!"

"ಎಲ್ಲಿ ಕೇಳಿದೆ? ಬೇಡ ಅಂದೆ ನಾನು."

"ಕೇಳಿಯೇ ತಗೊಂಡೆ!"

ಇಬ್ಬರೂ ಹೇಳುತ್ತಿದ್ದದ್ದು ನಿಜ. ಕೊನೆಗೆ ಹುಡುಗಿ ಅಳುತ್ತ ನನ್ನ ಹತ್ತಿರ ಬಂದು ಮರಾಠಿಗೆ ಇಳಿದಳು. "ಅಜ್ಜಾ, ಐಕೂ ಕೀ ವಿಚಾರೂ?" ಅಂದರೆ, ಕೇಳಲೋ, ಕೇಳಲೋ? ಕನ್ನಡದಲ್ಲಿ ಈ ಪ್ರಶ್ನೆ ಹಾಕಲೂ ಬರುವುದಿಲ್ಲ, ನೋಡಿ!

ಈ ಕಥೆ ಹೇಳಿದಾಗಲೆಲ್ಲ ಯಾರಾದರೊಬ್ಬರು "ಕನ್ನಡದಲ್ಲಿ ಪದಗಳೇ ಕಡಿಮೆ ಬಿಡಿ" ಅಂತಾರೆ. ನನಗೆ ಸಿಟ್ಟು ಬರುತ್ತದೆ. ಸ್ವಾಮಿ, ಇದು ಬಹಳ ಹಳೇ ಆಸ್ತಿ. ತಮಿಳಿನ 'ಕೇಳ್' ಕೂಡ ಕಿವಿಗೂ ಸೈ, ಬಾಯಿಗೂ ಸೈ. ಇಲ್ಲಿನ ಹೋಟೆಲುಗಳಲ್ಲಿ ನೀವು ದಿನಾ ಕೇಳುವ ತುಳುವಿನ 'ಕೇಣ್' ಕೂಡ ಹಾಗೇ. ತೆಲುಗಿನವರು ಬೇರೆ ದಾರಿ ಹಿಡಿದರು. ಅವರ ಕಿವಿಗೆ 'ವಿನು', ಬಾಯಿಗೆ 'ಅಡುಗು'. 1894ರ ಕಿಟೆಲ್ ನಿಘಂಟು ತೆಗೆದು ನೋಡಿ, ಎರಡು ಅರ್ಥವೂ ಒಟ್ಟಿಗೇ ಕೂತಿವೆ. ಅಷ್ಟು ಯಾಕೆ, ಭಾರತದ ಕಥೆಯನ್ನು ಜನಮೇಜಯ ವೈಶಂಪಾಯನನನ್ನು ಕೇಳಿದ. ಆಮೇಲೆ ಕೂತು ಕೇಳಿದ. ಒಂದೇ ಪದ ಸಾಕಾಯಿತು, ಅಲ್ವಾ?

ಇನ್ನು 'ಹೇಳು'. ಅದು 'ಕೇಳು'ವಿಗೆ ಹುಟ್ಟಿನಿಂದ ಜೋಡಿಯಲ್ಲ. ಹಳಗನ್ನಡದಲ್ಲಿ ಅದು 'ಪೇೞ್'. ಆ ೞ ಈಗ ನಮ್ಮ ನಾಲಿಗೆಯಲ್ಲಿಲ್ಲ. ಪಕಾರ ಹಕಾರವಾಯಿತು, ೞ ಹೋಗಿ ಳ ಬಂತು, ಪ್ರಾಸ ಕೂಡಿತು. ಈ ಪಕಾರದ್ದೇ ಒಂದು ದೊಡ್ಡ ಕಥೆ ಇದೆ, ಆದರೆ ಸ್ಟುಡಿಯೋದ ಗಾಜಿನ ಆಚೆಯಿಂದ ಮುಗಿಸಿ ಅಂತ ಸನ್ನೆ ಬಂತು.

ಚಕ್ಕುಲಿ ಡಬ್ಬಿ ಈಗ ಅಟ್ಟದ ಮೇಲಿದೆ. ನಾನು ಕೇಳಿದರೂ ಇಳಿಸುವುದಿಲ್ಲ. ನಮಸ್ಕಾರ.