ಬಡ್ಡಿ ಇಲ್ಲದ ದಿನ ಎಷ್ಟು, ಎಣಿಸಿಕೊಳ್ಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮ ಹತ್ತಿರ ಕ್ರೆಡಿಟ್ ಕಾರ್ಡ್ ಇದ್ದರೆ ಹೋದ ತಿಂಗಳ ಬಿಲ್ ಒಮ್ಮೆ ತೆಗೆದು ನೋಡಿ. ಅದರಲ್ಲಿ ಎರಡು ಮೊತ್ತ ಇರುತ್ತವೆ. ಒಂದು, ಒಟ್ಟು ಬಾಕಿ. ಇನ್ನೊಂದು, ಕನಿಷ್ಠ ಪಾವತಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಐದಾರು ತಿಂಗಳು ಆ ಎರಡನೆಯದನ್ನೇ ಕಟ್ಟುತ್ತಾ ಬಂದೆ. ಗಡುವಿನ ಒಳಗೇ ಕಟ್ಟುತ್ತಿದ್ದೇನೆ, ಬಡ್ಡಿ ಯಾಕೆ ಬೀಳುತ್ತೆ ಅಂದುಕೊಂಡಿದ್ದೆ. ಆದರೆ ಪ್ರತಿ ತಿಂಗಳೂ ಬಡ್ಡಿ ಬೀಳುತ್ತಲೇ ಇತ್ತು. ಕನಿಷ್ಠ ಪಾವತಿಯಿಂದ ತಪ್ಪುವುದು ತಡವಾದ ದಂಡ ಮಾತ್ರ, ಬಡ್ಡಿ ಅಲ್ಲ. ಆಗ ಇದನ್ನು ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಅದಕ್ಕೇ ಇವತ್ತು ಈ ಮಾತು ಎತ್ತಿಕೊಂಡಿದ್ದೇನೆ.

ಯಾವ ಆಫರೂ ಇಲ್ಲದೆಯೇ ಹೆಚ್ಚಿನ ಕಾರ್ಡ್‌ಗಳು ಒಂದಷ್ಟು ದಿನ ಬಡ್ಡಿ ಇಲ್ಲದೆ ಸಾಲ ಕೊಡುತ್ತವೆ. ನಿಮ್ಮ ಬಿಲ್ ಪ್ರತಿ ತಿಂಗಳು 10ನೇ ತಾರೀಕು ತಯಾರಾಗುತ್ತೆ, ಕಟ್ಟಲು 30ರ ತನಕ ಸಮಯ ಇದೆ ಅಂತ ಇಟ್ಟುಕೊಳ್ಳಿ. 9ನೇ ತಾರೀಕು ಏನಾದರೂ ಕೊಂಡರೆ ಆ ದುಡ್ಡು ಕಟ್ಟಲು ಸಿಗುವುದು 21 ದಿನ. ಅದೇ ವಸ್ತುವನ್ನು 11ನೇ ತಾರೀಕು ಕೊಂಡರೆ ಅದು ಮುಂದಿನ ಬಿಲ್ಲಿಗೆ ಹೋಗುತ್ತೆ, ಸುಮಾರು 50 ದಿನ ಸಿಗುತ್ತೆ. ಎರಡು ದಿನ ತಡೆದಿದ್ದಕ್ಕೆ ಒಂದು ತಿಂಗಳು ಲಾಭ, ಅಲ್ವಾ?

ಆದರೆ ಬಿಲ್ಲನ್ನು ಪೂರ್ತಿ ತೀರಿಸುವವರಿಗೆ ಮಾತ್ರ ಈ ಸೌಲಭ್ಯ. 10,000 ಬಾಕಿಯಲ್ಲಿ 9,000 ಕಟ್ಟಿ, ಉಳಿದದ್ದು ಒಂದೇ ಸಾವಿರ ತಾನೇ ಅಂತ ಬಿಟ್ಟರೆ, ಅನೇಕ ಕಾರ್ಡ್‌ಗಳಲ್ಲಿ ಪೂರ್ತಿ ಮೊತ್ತಕ್ಕೇ ಕೊಂಡ ದಿನದಿಂದ ಬಡ್ಡಿ ಲೆಕ್ಕ ಹಾಕುತ್ತಾರೆ. ಆ ಬಾಕಿ ತೀರುವ ತನಕ ಹೊಸದಾಗಿ ಕೊಂಡಿದ್ದಕ್ಕೂ ಮೊದಲ ದಿನದಿಂದಲೇ ಬಡ್ಡಿ. ಕಾರ್ಡ್ ಹಾಕಿ ಎಟಿಎಂನಿಂದ ನಗದು ತೆಗೆದರಂತೂ ಸಾಮಾನ್ಯವಾಗಿ ಒಂದು ದಿನದ ರಿಯಾಯಿತಿಯೂ ಇಲ್ಲ, ಮೇಲೆ ಶುಲ್ಕ ಬೇರೆ.

ಇನ್ನು ಬಡ್ಡಿ ಇಲ್ಲದ ವಿಶೇಷ ಆಫರ್‌ಗಳಿಗೆ ಬರೋಣ. ನನ್ನ ಅನುಭವದಲ್ಲಿ ಇವು ನಿಜವಾಗಿ ಉಪಕಾರಕ್ಕೆ ಬರುವುದು ಹಳೆಯ ಸಾಲ ತೀರಿಸುವುದಕ್ಕೆ. ಒಂದು ಕಾರ್ಡಿನಲ್ಲಿ 60,000 ಬಾಕಿ ನಿಂತಿದೆ, ತಿಂಗಳಿಗೆ ಶೇಕಡಾ 3 ಬಡ್ಡಿ. ಮೂರು ಅಂದರೆ ಕಿವಿಗೆ ಸಣ್ಣದು. ಆದರೆ ಬಡ್ಡಿಗೆ ಬಡ್ಡಿ ಸೇರಿದರೆ ವರ್ಷಕ್ಕೆ ಅದು ಶೇಕಡಾ 42 ದಾಟುತ್ತೆ. ಮೊದಲ ತಿಂಗಳ ಬಡ್ಡಿಯೇ 1,800. ಈಗ ಇನ್ನೊಂದು ಕಾರ್ಡಿನವರು, ಈ ಬಾಕಿಯನ್ನು ನಮ್ಮಲ್ಲಿಗೆ ವರ್ಗಾಯಿಸಿ, 12 ತಿಂಗಳು ಬಡ್ಡಿ ಬೇಡ, ಶೇಕಡಾ 3 ಶುಲ್ಕ ಕೊಟ್ಟರೆ ಸಾಕು ಅನ್ನುತ್ತಾರೆ. ಆ ಶುಲ್ಕವೂ 1,800. ಅಂದರೆ ಹಳೆಯ ಕಾರ್ಡಿನ ಒಂದು ತಿಂಗಳ ಬಡ್ಡಿಯಲ್ಲಿ ಇಡೀ ವರ್ಷ ಸಿಕ್ಕಿತು. ಇಂಥದ್ದು ಸಿಕ್ಕರೆ ಬಿಡಬೇಡಿ.

ಆದರೆ ಸಿಕ್ಕ ದಿನವೇ ಲೆಕ್ಕ ಹಾಕಿ. ಶುಲ್ಕ ಸೇರಿ 61,800. ಅದನ್ನು 12ರಿಂದ ಅಲ್ಲ, 11ರಿಂದ ಭಾಗಿಸಿ. ತಿಂಗಳಿಗೆ ಸುಮಾರು 5,620. ಸಂಬಳ ಬಂದ ಮಾರನೆಯ ದಿನ ಅಷ್ಟು ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಏರ್ಪಾಡು ಮಾಡಿ. ಕೊನೆಯ ತಿಂಗಳನ್ನು ಕೈಯಲ್ಲಿ ಉಳಿಸಿಕೊಳ್ಳುವುದು ಯಾಕೆ ಅಂದರೆ, ನಡುವೆ ಯಾರಿಗೋ ಹುಷಾರು ತಪ್ಪುತ್ತೆ, ಏನೋ ಖರ್ಚು ಬರುತ್ತೆ. ಒಂದು ಕಂತು ತಡವಾದರೂ ಆಫರನ್ನೇ ರದ್ದು ಮಾಡುವ ಷರತ್ತು ಎಷ್ಟೋ ಕಡೆ ಇರುತ್ತೆ. ಮತ್ತೆ, ಆ ಕಾರ್ಡಿನಲ್ಲಿ ಹೊಸದಾಗಿ ಏನನ್ನೂ ಕೊಳ್ಳಬೇಡಿ. ಬಡ್ಡಿ ಇಲ್ಲದ್ದು ವರ್ಗಾಯಿಸಿದ ಸಾಲಕ್ಕೆ ಮಾತ್ರ ಇರಬಹುದು. ಹಳೆಯ ಕಾರ್ಡನ್ನೂ ಪೆಟ್ಟಿಗೆಯಲ್ಲಿಡಿ. ಖಾಲಿ ಆಯಿತಲ್ಲ ಅಂತ ಅದನ್ನು ಮತ್ತೆ ತುಂಬಿಸಿದರೆ ಒಂದು ಸಾಲ ಎರಡಾಗುತ್ತೆ.

ಅಂಗಡಿಯಲ್ಲಿ ಬಡ್ಡಿ ಇಲ್ಲದ ಕಂತು ಅಂದಾಗ ಒಂದೇ ಪ್ರಶ್ನೆ ಕೇಳಿ: ಪೂರ್ತಿ ದುಡ್ಡು ಈಗಲೇ ಕೊಟ್ಟರೆ ಎಷ್ಟಕ್ಕೆ ಕೊಡ್ತೀರಿ? ಬೆಲೆ ಇಳಿದರೆ, ಆ ಇಳಿದಷ್ಟೇ ನಿಮ್ಮ ಬಡ್ಡಿ. ಹೆಸರು ಮಾತ್ರ ಬೇರೆ.

ಇನ್ನೊಂದು ಬಗೆಯ ಆಫರ್ ಬಗ್ಗೆ ಜಾಸ್ತಿ ಎಚ್ಚರ ಬೇಕು. ಅದರಲ್ಲಿ ಬಡ್ಡಿ ಇಲ್ಲ ಅಂತಲ್ಲ, ಸದ್ಯಕ್ಕೆ ತಡೆದಿಟ್ಟಿರುತ್ತಾರೆ ಅಷ್ಟೆ. ಗಡುವಿನ ದಿನ ಒಂದು ನೂರು ಬಾಕಿ ಉಳಿದರೂ ಮೊದಲ ದಿನದಿಂದ ಪೂರ್ತಿ ಬಡ್ಡಿಯನ್ನು ಒಟ್ಟಿಗೆ ಹಾಕುತ್ತಾರೆ. ಫೋನಿನಲ್ಲಿ ಆಫರ್ ಹೇಳುವವರನ್ನು ನೇರವಾಗಿ ಕೇಳಿ: ಗಡುವಿಗೆ ಸ್ವಲ್ಪ ಬಾಕಿ ಉಳಿದರೆ ಬಡ್ಡಿ ಆ ಬಾಕಿಗೆ ಮಾತ್ರವಾ, ಇಲ್ಲ ಮೊದಲಿನಿಂದಲಾ? ಉತ್ತರವನ್ನು ಬರಹದಲ್ಲಿ ಕಳಿಸಿ ಅನ್ನಿ. ಅದನ್ನು ಓದಿದ ಮೇಲೆಯೇ ಹೂಂ ಅನ್ನಿ.

ನಮಸ್ಕಾರ.